ದುಬಾರಿ ತಂತಿ, ತಪ್ಪು ಅಂಕಿ

ಮನೆಯಲ್ಲೇ ಮಣ್ಣಿನ ಪಾತ್ರೆಗಳನ್ನು ಮಾಡಿ, ವಿದ್ಯುತ್ ಕುಲುಮೆಯಲ್ಲಿ ಸುಟ್ಟು ಮಾರುವ ತಾಯಿಯೊಬ್ಬರ ಪ್ರಶ್ನೆಯಿದು. ಪಿಯುಸಿ ಓದುವ ಮಗಳು ಬರೆದು ಕಳಿಸಿದ್ದಾಳೆ: ‘ನಮ್ಮ ಕುಲುಮೆಯ ಥರ್ಮೋಕಪಲ್ ಸುಟ್ಟುಹೋಗಿದೆ. ಅಂಗಡಿಯಲ್ಲಿ ಕೆ, ಎನ್, ಎಸ್ ಎಂದು ಮೂರು ಬಗೆ ಹೇಳುತ್ತಾರೆ. ಎಸ್ ಪ್ಲಾಟಿನಂನದು, ಬಹಳ ದುಬಾರಿ. ಅದನ್ನೇ ಹಾಕಿಸಿದರೆ ಒಳ್ಳೆಯದಲ್ಲವೇ ಸಾರ್?’

ಬೆಲೆ ನೋಡಿ ಆರಿಸುವ ವಸ್ತು ಇದಲ್ಲವಮ್ಮಾ. ಮೀಟರಿಗೆ ಹೊಂದದ ಥರ್ಮೋಕಪಲ್ ಹಾಕಿದರೆ ಪಾತ್ರೆಗಳ ಜೊತೆ ಕುಲುಮೆಯೂ ಹಾಳಾದೀತು. ಕಾರಣ ತಿಳಿಯಲು ಸ್ವಲ್ಪ ಭೌತಶಾಸ್ತ್ರ ಬೇಕು.

ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಜೋಡಿಸಿ ಒಂದು ಸಂಧಿಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಪಕ್ಕದ ಕಾಂತಸೂಜಿ ಅಲುಗುವುದನ್ನು 1821ರಲ್ಲಿ ಸೀಬೆಕ್ ಕಂಡರು. ಸೂಜಿಯನ್ನು ಅಲುಗಿಸಿದ್ದು ತಂತಿಯಲ್ಲಿ ಹರಿದ ವಿದ್ಯುತ್ತು. ಥರ್ಮೋಕಪಲ್ ಎಂದರೆ ಇಂಥ ಎರಡು ತಂತಿಗಳ ಜೋಡಿ. ನಮ್ಮ ಪಠ್ಯಪುಸ್ತಕಗಳ ಉಷ್ಣಯುಗ್ಮ. ಬೆಸೆದ ತುದಿ ಕುಲುಮೆಯೊಳಗೆ, ಉಳಿದೆರಡು ತುದಿಗಳು ಮೀಟರಿನಲ್ಲಿ. ಮೀಟರು ನೇರವಾಗಿ ಅಳೆಯುವುದು ಕೆಲವೇ ಮಿಲಿವೋಲ್ಟ್‌ಗಳನ್ನು. ಅದಕ್ಕೆ ತನ್ನ ಬಳಿಯ ಉಷ್ಣತೆಯ ಲೆಕ್ಕ ಸೇರಿಸಿ, ಡಿಗ್ರಿಗೆ ಬದಲಿಸಿ ತೋರಿಸುತ್ತದೆ.

ಈ ಬದಲಾವಣೆಯ ಕೋಷ್ಟಕ ಒಂದೊಂದು ಬಗೆಗೆ ಒಂದೊಂದು. ತಣ್ಣನೆಯ ತುದಿ 0 ಡಿಗ್ರಿಯಲ್ಲಿದ್ದು ಬಿಸಿ ತುದಿ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಕೆ ಬಗೆ ಸುಮಾರು 41.3 ಮಿಲಿವೋಲ್ಟ್ ಕೊಡುತ್ತದೆ. ಎನ್ ಕೊಡುವುದು 36.3. ಎಸ್ ಕೊಡುವುದು ಬರೀ 9.6.

ಈಗ ಕೆ ಬಗೆಗೆಂದು ಮಾಡಿದ ಮೀಟರಿಗೆ ಎಸ್ ಜೋಡಿಸಿದಿರಿ ಎನ್ನಿ. ಒಳಗೆ 1000 ಡಿಗ್ರಿ ಇದ್ದಾಗ ಮೀಟರು ಸುಮಾರು 260 ತೋರಿಸುತ್ತದೆ. ‘ಇನ್ನೂ ಕಾಯಬೇಕು’ ಎಂದು ಕರೆಂಟು ಹರಿಸುತ್ತಲೇ ಇರುತ್ತದೆ. ಮೆರುಗು ಕರಗಿ ಹರಿದು ಪಾತ್ರೆಗಳು ತಟ್ಟೆಗೆ ಅಂಟುತ್ತವೆ; ಕಾಯಿಲ್‌ಗಳೂ ಸುಟ್ಟಾವು, ಬೆಂಕಿಯ ಅಪಾಯವೂ ಉಂಟು. ಎಸ್ ಮೀಟರಿಗೆ ಕೆ ಹಾಕಿದರೆ ತದ್ವಿರುದ್ಧ: 260 ಡಿಗ್ರಿಗೇ ಸಾವಿರವಾಯಿತೆಂದು ಕುಲುಮೆ ನಿಲ್ಲುತ್ತದೆ, ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಕೆ ಮತ್ತು ಎನ್ ಅದಲುಬದಲಾದರೆ ಮೋಸ ಬೇಗ ತಿಳಿಯದು. ಕೆ ಮೀಟರಿಗೆ ಎನ್ ಹಾಕಿದಾಗ 1200 ಡಿಗ್ರಿ ಸುಮಾರು 1075 ಎಂದು ಕಾಣುತ್ತದೆ. ನಂಬುವಂಥ ಅಂಕಿಯೇ ಹೆಚ್ಚು ಅಪಾಯದ್ದು.

ಆದ್ದರಿಂದ ಮೊದಲು ಮೀಟರಿನ ಚೀಟಿಯನ್ನೋ ಕೈಪಿಡಿಯನ್ನೋ ಓದಿ. ಒಂದೇ ಬಗೆ ಬರೆದಿದ್ದರೆ ಅದನ್ನೇ ಕೊಳ್ಳಿ. ಹಲವು ಬಗೆಗಳಿಗೆ ಹೊಂದಿಸಬಲ್ಲ ಮೀಟರಾದರೆ ಮಾತ್ರ ಆಯ್ಕೆ ನಿಮ್ಮದು. ಗಾಜು ಬೆಸೆಯುವ ಕುಲುಮೆ 800 ಡಿಗ್ರಿ ಆಸುಪಾಸಿನದು. ಅದಕ್ಕೂ ಸಾಧಾರಣ ಮಣ್ಣಿನ ಪಾತ್ರೆಗೂ ಕೆ ಸಾಕು. 1200 ದಾಟಿಸುವವರು ಮೂರು ಮಿಲಿಮೀಟರಿನಷ್ಟು ದಪ್ಪ ತಂತಿಯ ಕೆ ಕೊಳ್ಳಲಿ. ತೆಳು ತಂತಿ ಬೇಗ ಸ್ಪಂದಿಸುತ್ತದೆ, ಬೇಗ ಸವೆಯುತ್ತದೆ. ಅಂಥ ಬಿಸಿಯಲ್ಲಿ ಎನ್ ಹೆಚ್ಚು ಕಾಲ ಸರಿಯಾದ ಅಂಕಿ ಕೊಡುತ್ತದೆ. 1300ರ ಹತ್ತಿರ ಮತ್ತೆ ಮತ್ತೆ ಸುಡುವವರಿಗೆ ಎಸ್‌ಗೆ ಕೊಟ್ಟ ಹಣ ಸಾರ್ಥಕ. ಹೊಸದರ ಉದ್ದವೂ ಹಳೆಯದರಷ್ಟೇ ಇರಲಿ. ತುದಿ ಗೋಡೆಯೊಳಗೆ ಅಡಗದೆ ಕುಲುಮೆಯೊಳಕ್ಕೆ ಚಾಚಿರಬೇಕು.

ಜೋಡಿಸುವ ಮುನ್ನ ಮೈನ್ ಸ್ವಿಚ್ ಆರಿಸಿ. ಇಲ್ಲಿ ಬಣ್ಣ ಅನೇಕರನ್ನು ದಾರಿ ತಪ್ಪಿಸುತ್ತದೆ. ಬ್ಯಾಟರಿಯಲ್ಲಿ ಕೆಂಪು ಎಂದರೆ ಧನ. ಅಮೆರಿಕದ ಪದ್ಧತಿಯ ಥರ್ಮೋಕಪಲ್‌ನಲ್ಲಿ ಕೆಂಪು ಋಣ, ಕೆ ಬಗೆಯ ಧನ ಹಳದಿ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೆ ಬಗೆಯ ಧನ ಹಸಿರು, ಋಣ ಬಿಳಿ. ಸಂಶಯ ಬಂದರೆ ಅಯಸ್ಕಾಂತ ಹಿಡಿಯಿರಿ: ಕೆ ಬಗೆಯಲ್ಲಿ ಋಣ ತಂತಿ ಅದಕ್ಕೆ ಅಂಟುತ್ತದೆ, ಧನ ತಂತಿ ಅಂಟದು.

ಥರ್ಮೋಕಪಲ್‌ನಿಂದ ಮೀಟರಿಗೆ ಹೋಗುವ ವೈರು ಕೂಡ ಅದೇ ಬಗೆಗೆ ಮಾಡಿದ್ದಾಗಿರಬೇಕು. ಕೈಗೆ ಸಿಕ್ಕ ತಾಮ್ರದ ವೈರು ಸಲ್ಲದು. ಕುಲುಮೆಯ ಪಕ್ಕದ ಜೋಡಣೆ 60 ಡಿಗ್ರಿಯಲ್ಲಿದ್ದು ಮೀಟರು 30ರಲ್ಲಿದ್ದರೆ, ತಾಮ್ರದ ವೈರಿನಿಂದ ಸುಮಾರು 30 ಡಿಗ್ರಿ ಲೆಕ್ಕ ತಪ್ಪಿಹೋಗುತ್ತದೆ.

ಇನ್ನು ಪರೀಕ್ಷೆ. ಥರ್ಮೋಕಪಲನ್ನು ಕುಲುಮೆಗೆ ಕೂರಿಸುವ ಮೊದಲು ಮೀಟರಿಗೆ ಜೋಡಿಸಿ, ಬೆಸೆದ ತುದಿಯನ್ನು ಮಾತ್ರ ಕುದಿಯುವ ನೀರಿನಲ್ಲಿಡಿ. ಮಂಗಳೂರಿನಲ್ಲಿ 100, ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ ತೋರಿಸಬೇಕು. ಕೆ ಮೀಟರು 75 ಎಂದರೆ ನಿಮಗೆ ಎನ್ ಕೊಟ್ಟಿದ್ದಾರೆ. 40 ಎಂದರೆ ಎಸ್. ಬಿಸಿಯಾದಂತೆ ಅಂಕಿ ಇಳಿದರೆ ತಂತಿಗಳು ತಿರುವುಮುರುವಾಗಿವೆ. ತುದಿಯನ್ನು ಚೆನ್ನಾಗಿ ಒಣಗಿಸಿಯೇ ಕುಲುಮೆಗೆ ಹಾಕಿ.

ಕುದಿನೀರಿನ ಪರೀಕ್ಷೆ 1200 ಡಿಗ್ರಿಗೆ ಜಾಮೀನಲ್ಲ. ಅದಕ್ಕೆ ಕೋನ್ ಇದೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಬಳಕೆಗೆ ತಂದ ಈ ಪುಟ್ಟ ಮಣ್ಣಿನ ಗೋಪುರ, ತಕ್ಕಷ್ಟು ಬಿಸಿಯುಂಡ ಮೇಲೆ ಬಾಗುತ್ತದೆ. ಹೊಸ ಥರ್ಮೋಕಪಲ್ ಹಾಕಿದ ಮೊದಲ ಸುಡುವಿಕೆಯಲ್ಲಿ ಕೋನ್ ಇಟ್ಟು, ಕೊನೆಯವರೆಗೆ ಹತ್ತಿರವೇ ಇರಿ. ಕೋನ್ ಒಂದು ಹೇಳಿ ಮೀಟರು ಇನ್ನೊಂದು ಹೇಳಿದರೆ ಕೋನನ್ನು ನಂಬಿ. ಪಾತ್ರೆಗಳು ಉಂಡ ಬಿಸಿಯನ್ನೇ ಅದೂ ಉಂಡಿರುತ್ತದೆ.

ಮಾಡಿ ನೋಡಿ: ಸಿಪ್ಪೆ ಸುಲಿದ ತಾಮ್ರದ ತಂತಿ ಮತ್ತು ಕಬ್ಬಿಣದ ಕಟ್ಟುತಂತಿಯ ತುದಿಗಳನ್ನು ಬಿಗಿಯಾಗಿ ಹೊಸೆಯಿರಿ. ಇನ್ನೆರಡು ತುದಿಗಳಿಗೆ ಮಲ್ಟಿಮೀಟರ್ ಜೋಡಿಸಿ, 200 ಮಿಲಿವೋಲ್ಟ್ ಡಿ.ಸಿ.ಗೆ ತಿರುಗಿಸಿ. ಹೊಸೆದ ತುದಿಯನ್ನು ಇಕ್ಕುಳದಲ್ಲಿ ಹಿಡಿದು, ಹಿರಿಯರ ಎದುರಿನಲ್ಲಿ, ಮೇಣದ ಬತ್ತಿಯ ಉರಿಗೆ ನಿಧಾನವಾಗಿ ತನ್ನಿ. ಅಂಕಿ ಮೊದಲು ಏರಿ, ಬಿಸಿ ಹೆಚ್ಚಿದಂತೆ ಇಳಿಯತೊಡಗುತ್ತದೆ. ಈ ಜೋಡಿಯನ್ನು ಕುಲುಮೆಗೆ ಏಕೆ ಬಳಸುವುದಿಲ್ಲ? ಉತ್ತರ ಯೋಚಿಸಿ, ಅಮ್ಮನಿಗೆ ಹೇಳು ಮಗೂ.