ಕುರ್ಚಿ ನಮ್ಮದು, ಕೈ ಯಾರದು?

ಹಾಸ್ಟೆಲಿನ ಗೆಳೆಯರೇ,

ಶಿರಸಿಯಲ್ಲಿ ನಗರಸಭೆ, ಸಿದ್ದಾಪುರ ಯಲ್ಲಾಪುರಗಳಲ್ಲಿ ಪಟ್ಟಣ ಪಂಚಾಯ್ತಿ. ನಮ್ಮ ಜನರ ಬಾಯಲ್ಲಿ ಮೂರೂ ಮುನಿಸಿಪಾಲ್ಟಿಯೇ. ಮೂರರಲ್ಲೂ ಪರಿಶಿಷ್ಟರಿಗೆ ಮೀಸಲು ಕುರ್ಚಿ ಇದೆ. "ಇನ್ನೇನು ಬೇಕು ನಿಮಗೆ?" ಅಂತ ಕೇಳುವವರೂ ಇದ್ದಾರೆ. ಅವರಿಗೆ ಉತ್ತರ ಕೊಡಬೇಕಾದರೆ ಹಳೇ ಕಡತ ಬಿಚ್ಚಬೇಕು.

1862ರಿಂದ 1956ರ ತನಕ ನಮ್ಮ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ಬ್ರಿಟಿಷರ ಕಾಲದ ಮುನಿಸಿಪಾಲ್ಟಿ ಅಂದರೆ ಆಸ್ತಿವಂತರ ಕೂಟ. ತೆರಿಗೆ ಕಟ್ಟುವವನಿಗೆ ಓಟು, ಗಟಾರ ಬಳಿಯುವವನಿಗೆ ಪೊರಕೆ. 1923ರಲ್ಲಿ ಶಿರಸಿಯ ಅಡಿಕೆ ತೋಟದವರು ತಮ್ಮ ಮಾರಾಟ ಸಂಘ ಕಟ್ಟಿಕೊಂಡರು. ಅದೇ ವರ್ಷ ಆಗಸ್ಟ್ 4ರಂದು ಮುಂಬೈ ಶಾಸನ ಸಭೆ ಎಸ್.ಕೆ. ಬೋಲೆಯವರ ನಿರ್ಣಯ ಒಪ್ಪಿತು: ಸರ್ಕಾರಿ ದುಡ್ಡಿನ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಕಾಗದದ ಮೇಲೆ ಅದು ಘಟ್ಟದ ಮೇಲಿನ ನಮ್ಮ ಕೇರಿಗಳಿಗೂ ಅನ್ವಯಿಸುವ ಮಾತು!

ಕಾಗದ ನೀರು ಕುಡಿಸುತ್ತದೆಯೇ? 1924ರಲ್ಲಿ ಮಹಾಡ್ ಮುನಿಸಿಪಾಲ್ಟಿ ಕೆರೆ ಎಲ್ಲರದು ಅಂತ ಬರೆಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಹೋಗಿ ಬೊಗಸೆ ತುಂಬಿದರು. ಆಗಸ್ಟ್‌ನಲ್ಲಿ ಅದೇ ಮುನಿಸಿಪಾಲ್ಟಿ ತಾನು ಬರೆದದ್ದನ್ನು ತಾನೇ ಅಳಿಸಿತು. ಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ಕ್ಕೆ. ಸಭೆಯಲ್ಲಿ ಕೂತವರು ಯಾರಿಗೆ ಹೆದರುತ್ತಾರೋ ನಿರ್ಣಯ ಅವರದೇ.

ಇವತ್ತು ನಮ್ಮವರೇ ಸಭೆಯಲ್ಲಿ ಕೂತಿದ್ದಾರಲ್ಲ ಅನ್ನಬಹುದು. ನಿಜ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಜನಸಂಖ್ಯೆಗೆ ತಕ್ಕ ಸ್ಥಾನ ಕೊಟ್ಟಿತು. ಆದರೆ ಮೀಸಲು ವಾರ್ಡಿನಲ್ಲಿ ಟಿಕೆಟ್ ಹಂಚುವವನು ಪಕ್ಷದ ಧಣಿ, ಗೆಲ್ಲಿಸುವ ಓಟು ಇಡೀ ವಾರ್ಡಿನದು. ಗೆದ್ದ ಮೇಲೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್ ಮೀರಿ ಕೈ ಎತ್ತಿದರೆ ಸದಸ್ಯತ್ವವೇ ಹೋಗಬಹುದು. ಕುರ್ಚಿ ನಮ್ಮದು, ಕೈ ಪಕ್ಷದ್ದು!

ಆ ಕುರ್ಚಿಯ ಪಾಡೂ ನೋಡಿ. 2018ರ ಆಗಸ್ಟ್ 31ರಂದು ಶಿರಸಿಯೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಓಟು ನಡೆಯಿತು. ಅಧ್ಯಕ್ಷಗಿರಿ ಯಾರಿಗೆ ಮೀಸಲು ಎಂಬ ತಕರಾರು ಕೋರ್ಟು ಹತ್ತಿತು. 2020ರ ತನಕ ಅಧ್ಯಕ್ಷರೇ ಇಲ್ಲ. 2023ರಲ್ಲಿ ಮತ್ತೆ ಖಾಲಿ. ಹೊಸ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿಗೆ. ಅಷ್ಟು ಕಾಲ ಆಳಿದ್ದು ಅಧಿಕಾರಿಗಳು.

ಪಕ್ಕದ ಹಾವೇರಿ ಜಿಲ್ಲೆಯ ಸವಣೂರನ್ನು ಮರೆಯಬೇಡಿ. ಮೀಸಲು ಸ್ಥಾನ ಬಂದು ಹದಿನೇಳು ವರ್ಷವಾಗಿತ್ತು. 2010ರ ಜುಲೈನಲ್ಲಿ, ತಮ್ಮನ್ನು ಮನೆ ಬಿಡಿಸಲು ಹೊರಟ ಪುರಸಭೆಯ ಎದುರು ಭಂಗಿ ಸಮುದಾಯದ ಜನ ಮೈಮೇಲೆ ಮಲ ಸುರಿದುಕೊಂಡರು. ಊರಿನ ಹೇಲು ಹೊತ್ತವರ ದನಿ ಒಳಗಿನ ಸಭೆಗೆ ಮುಟ್ಟಿಸಲು ಅವರಿಗೆ ಉಳಿದದ್ದು ಅದೊಂದೇ ದಾರಿ.

ಹಾಗಾದರೆ ಮೀಸಲಾತಿ ದಂಡವೇ? ಖಂಡಿತ ಅಲ್ಲ. ಬಾಗಿಲು ತೆರೆದದ್ದೇ ಅದು. ಒಳಗೆ ಹೋದವನ ಬೆನ್ನಿಗೆ ಜನ ನಿಲ್ಲದಿದ್ದರೆ ಅವನು ಒಂಟಿ, ಒಂಟಿಯಾದವನು ಧಣಿಯ ಕೈಗೊಂಬೆ.

ಓದು ಬಲ್ಲ ನಾವು ಮಾಡಬೇಕಾದ ಕೆಲಸ ಇಲ್ಲಿದೆ. ನಗರ ಸಂಸ್ಥೆಗಳು ಶೇಕಡಾ 24.10 ಹಣವನ್ನು ಪರಿಶಿಷ್ಟರಿಗಾಗಿ ತೆಗೆದಿಡಬೇಕು. ವಿದ್ಯಾರ್ಥಿಗಳ ಸಹಾಯಧನವೂ ಅದರಲ್ಲೇ ಬರುತ್ತದೆ. ಎಷ್ಟು ಬಂತು, ಯಾವ ಕೇರಿಗೆ ಹೋಯಿತು, ಎಷ್ಟು ಉಳಿಯಿತು? 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪೌರಕಾರ್ಮಿಕರಲ್ಲಿ ಖಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ, ಅದನ್ನೂ ಕೇಳಿ. ಸಭೆಯ ನಡಾವಳಿ ತಂದು ಕೇರಿಯಲ್ಲಿ, ದೀಪದ ಕೆಳಗೆ, ಅಕ್ಕ ಅಣ್ಣಂದಿರಿಗೆ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಸದಸ್ಯ ಯಾವುದಕ್ಕೆ ಕೈ ಎತ್ತಿದ, ಯಾವುದಕ್ಕೆ ಬಾಯಿ ಮುಚ್ಚಿದ ಅಂತ ಅವರಿಗೆ ಗೊತ್ತಾಗಲಿ. ಧಣಿಗೆ ಹೆದರುವ ಸದಸ್ಯ ಒಮ್ಮೆ ನಮ್ಮ ಕೇರಿಗೂ ಹೆದರಲಿ!

ಜೈ ಭೀಮ್.