ಕಲ್ಯಾಣದ ಮಕ್ಕಳೂ ಕಡಲೂ

ಹೋದ ಮಾಘಮಾಸದಲ್ಲಿ ನನಗೊಂದು ಕಾಗದ ಬಂದಿತು. ಬರೆದವನು ಹುಮನಾಬಾದಿನವನೇ, ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಗುಟ್ಟಾಗಿ ಗಣಿತದ ಲೆಕ್ಕ ಮಾಡುತ್ತಿದ್ದವನು. ಈಗ ಜಪಾನಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರನಾಗಿದ್ದಾನೆ. ರಜೆ ಸಿಕ್ಕಿದಾಗ ಆ ದೇಶದ ಪಶ್ಚಿಮ ತೀರಕ್ಕೆ, ನೋತೋ ಎಂಬ ಪರ್ಯಾಯದ್ವೀಪದ ಕಡೆಗೆ, ಹೋಗಿಬಂದನಂತೆ. ಚಳಿಗಾಲ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸೈಬೀರಿಯದ ಕಡೆಯಿಂದ ಹೊರಟ ಒಣಗಾಳಿ ನಡುವಿನ ಬೆಚ್ಚನೆಯ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು, ಆ ದಂಡೆಯ ಮೇಲೆ ಅದನ್ನು ಹಿಮವಾಗಿ ಚೆಲ್ಲುತ್ತದೆ. ಹಿಮವು ಕಡಲಿನ ಮೇಲೆ ಬಿದ್ದು ಸದ್ದಿಲ್ಲದೆ ಕರಗುವುದನ್ನು ಹುಡುಗ ಒಂದು ತಾಸು ನಿಂತು ನೋಡಿದನಂತೆ. ವಾಜಿಮಾ ಎಂಬ ಊರಿನಲ್ಲಿ 2024ರ ಜನವರಿ 1ರ ಭೂಕಂಪದಲ್ಲಿ ಬೆಂಕಿ ಹತ್ತಿ ಉರಿದುಹೋದ ಹಳೆಯ ಸಂತೆಬೀದಿಯ ಜಾಗವನ್ನೂ ನೋಡಿದನಂತೆ. ಕನ್ನಡದ ಪರೀಕ್ಷೆಯಲ್ಲಿ ಎಂದೂ ಬರೆಯದಷ್ಟು ಚೆನ್ನಾಗಿ ಬರೆದಿದ್ದ. ನಾನು ಸಂತೋಷದಿಂದಲೇ ಓದುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಮಾತ್ರ ನಿಂತೆ: ‘ಸರ್, ನಾನು ನಿಂತು ನೋಡಿದ ಮೊದಲನೆಯ ಸಮುದ್ರ ಇದೇ.’

ಹುಮನಾಬಾದಿನ ಹುಡುಗ ಕಾರವಾರವನ್ನು ಕಾಣುವ ಮುನ್ನ ನೋತೋವನ್ನು ಕಂಡ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಇದ್ದರೆ ಅವನಿಗೆ ಪಾಠ ಹೇಳಿದ ನನ್ನಂಥವರದು.

ನಮ್ಮ ಸೀಮೆ ಎಂಥದೆಂಬುದನ್ನು ದೂರದ ವಾಚಕರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಮಾಘದಲ್ಲಿ ಇಲ್ಲಿ ಹಿಂಗಾರಿ ಜೋಳ ತೆನೆಗಟ್ಟಿ ನಿಂತಿರುತ್ತದೆ. ಹೊಲದಲ್ಲಿಯೇ ಎಳೆಯ ತೆನೆಯನ್ನು ಸುಟ್ಟು ಸೀತನಿ ತಿನ್ನುವ ಕಾಲ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ ಮುಗಿದಿರುತ್ತದೆ. ಬೆಳಗಿನ ಚಳಿಗೆ ಸಸ್ತಾಪುರದ ನಾಕಾದಲ್ಲಿ ಚಹದ ಅಂಗಡಿಯ ಮುಂದೆ ಜನ ಗುಂಪುಗೂಡಿ ನಿಂತು, ಹೈದರಾಬಾದಿಗೋ ಪುಣೆಗೋ ಹೋಗುವ ಗಾಡಿಗಳನ್ನು ಕಾಯುತ್ತಾರೆ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಬಾಯಿಯಲ್ಲಿ ಆಡುವ ಊರುಗಳು ಇವು. ದಾರಿಗಳೆಲ್ಲ ಪೂರ್ವ ಪಶ್ಚಿಮವಾಗಿ ಅನ್ಯರಾಜ್ಯಗಳ ನಗರಗಳಿಗೆ ಓಡುತ್ತವೆ. ಕನ್ನಡನಾಡಿನ ಇನ್ನೊಂದು ತುದಿಗೆ ಹೋಗಬೇಕಾದರೆ ಗಾಡಿಯನ್ನು ಮೂರು ಸಲ ಬದಲಾಯಿಸಬೇಕು. 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆ ಹೈದರಾಬಾದಿನಲ್ಲಿತ್ತು, ಕಾರವಾರ ಮುಂಬಯಿ ರಾಜ್ಯದಲ್ಲಿತ್ತು, ಮಂಗಳೂರು ಮದರಾಸಿನೊಡನೆ ಸೇರಿತ್ತು. ಅಂದು ನಕಾಶೆ ಒಂದಾಯಿತು. ಕಣ್ಣುಗಳು ಒಂದಾದವೆಂದು ನನಗೆ ಅನ್ನಿಸುವುದಿಲ್ಲ.

ಈ ಕೊರತೆ ನನಗೆ ತಟ್ಟಿದ್ದು ರಾಜಕಾರಣದಿಂದಲ್ಲ, ಪಾಠ ಹೇಳುವ ಕಷ್ಟದಿಂದ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದುಂಟು. ಅದರಲ್ಲಿ ಬೆಟ್ಟ, ಸಮುದ್ರ, ಸಂತೆ ಮೂರೂ ಬರುತ್ತವೆ. ಆಕೆ ನಡೆದು ಬಂದ ಕಲ್ಯಾಣದಲ್ಲಿಯೇ ಕುಳಿತು ಆಕೆಯ ವಚನವನ್ನು ಪಾಠ ಹೇಳುವ ಭಾಗ್ಯ ನನ್ನದು. ಸಂತೆ ಎಂದರೆ ನನ್ನ ವಿದ್ಯಾರ್ಥಿಗಳಿಗೆ ವಿವರಣೆ ಬೇಡ. ವಾರವಾರವೂ ಅದರ ಗದ್ದಲದಲ್ಲಿಯೇ ಬೆಳೆದವರು. ಬೆಟ್ಟವನ್ನು ಹೇಗೋ ಊಹಿಸಿಕೊಳ್ಳುತ್ತಾರೆ. ಸಮುದ್ರದ ಬಳಿಗೆ ಬಂದಾಗ ತರಗತಿ ಸುಮ್ಮನಾಗುತ್ತದೆ. ‘ನೊರೆ ಅಂದ್ರ ಹಾಲಿಂದೇನ್ರಿ ಸರ್?’ ಎಂದು ಒಬ್ಬಳು ಕೇಳಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ನಗಲಿಕ್ಕೂ ತಿಳಿದಿರಬೇಕಲ್ಲವೇ? ನಾನು ನಿಘಂಟಿನಂತೆ ಒಂದಿಷ್ಟು ಅರ್ಥ ಹೇಳಿ ಮುಂದಿನ ಸಾಲಿಗೆ ಹೋದೆ. ಅಂಜಿಕೆಯನ್ನು ಅರಿಯದವರಿಗೆ ಅಂಜಬಾರದೆಂಬ ಮಾತನ್ನು ಕಲಿಸುವುದೆಂತು?

ಸಮುದ್ರವನ್ನು ಕಂಡವರು ಯಾರಾದರೂ ಇದ್ದೀರಾ ಎಂದು ಅದೇ ದಿನ ಕೇಳಿದೆ. ಎದ್ದು ನಿಂತವನು ಒಬ್ಬನೇ. ‘ನಾ ನೋಡೀನ್ರಿ ಸರ್, ಮುಂಬೈದಾಗ. ಅಪ್ಪ ಕಟ್ಟಡದ ಕೆಲಸಕ್ಕ ಹೋಗ್ತಿದ್ದ. ಮ್ಯಾಲಿನ ಮಾಳಗಿಯಿಂದ ಕಾಣ್ತಿತ್ತು. ಹತ್ರ ಹೋಗಿಲ್ರಿ.’ ಎಷ್ಟು ದಿನ ಅಲ್ಲಿದ್ದೆ ಎಂದು ಕೇಳಿದೆ. ‘ಎರಡು ವರ್ಷರಿ’ ಎಂದ.

ಆ ವರ್ಷವೇ ನಾವು ಪ್ರವಾಸ ಹೊರಡಿಸಿದೆವು. ವಿದ್ಯಾರ್ಥಿಗಳ ಪ್ರವಾಸ ಹೊಸ ಸಂಗತಿಯೇನಲ್ಲ. ಆದರೆ ಅದು ನಡೆಯುವ ರೀತಿಯನ್ನು ವಾಚಕರು ಬಲ್ಲರು. ನಾಲ್ಕು ದಿನಗಳಲ್ಲಿ ಹದಿನಾರು ಊರು. ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡು, ಹಗಲೆಲ್ಲ ನೋಡಬೇಕಾದ ಜಾಗದಲ್ಲಿ ನಿದ್ದೆ. ಮುರುಡೇಶ್ವರದಲ್ಲಿ ಇಪ್ಪತ್ತು ನಿಮಿಷ, ಜೋಗದಲ್ಲಿ ಅರ್ಧ ತಾಸು. ಜೋಗವನ್ನೂ ಬೇಸಗೆಯಲ್ಲಿ ನೋಡಿ, ‘ನೀರೆಲ್ಲಿ?’ ಎಂದು ಕೇಳಿ ಬರುವುದು! ಹಿಂದೆ ಒಮ್ಮೆ ನಾನೇ ಇಂಥದೊಂದು ಪ್ರವಾಸದ ಮುಖಂಡನಾಗಿದ್ದೆ. ಹಿಂದಿರುಗಿದ ಮೇಲೆ ಬರೆಸಿದ ಪ್ರಬಂಧಗಳಲ್ಲಿ ಎಲ್ಲರೂ ಒಂದೇ ಊಟದ ಖಾನಾವಳಿಯನ್ನು ವರ್ಣಿಸಿದ್ದರು.

ಆದ್ದರಿಂದ ಈ ಸಲ ಒಂದೇ ಸೀಮೆ, ಮೂರು ದಿನ ಎಂದು ಹಟ ಹಿಡಿದೆ. ಅಂಕೋಲೆ ಮತ್ತು ಗೋಕರ್ಣ, ಅಷ್ಟೇ. ಕಾಲವನ್ನೂ ನಾನೇ ಆರಿಸಿದೆ: ಮಾಘದ ಕೊನೆ. ಮಳೆಗಾಲದ ಕಡಲು ಹೊರಗಿನವರನ್ನು ಹತ್ತಿರ ಸೇರಿಸುವುದಿಲ್ಲ. ಜೂನ್ ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳಿಗೂ ನಿಷೇಧವುಂಟು. ಬೇಸಗೆಯಲ್ಲಿ ನಮ್ಮ ಒಣಸೆಕೆಗೆ ಒಗ್ಗಿದವರು ಅಲ್ಲಿಯ ಬೆವರಿಗೆ ಸೋತುಹೋಗುತ್ತಾರೆ. ಮಾಘದಲ್ಲಿ ಕಡಲು ಶಾಂತ, ಮಾವು ಗೇರುಗಳಿಗೆ ಹೂವು, ಉಪ್ಪಿನ ಕೆಲಸ ಮೊದಲಾಗುವ ಸಮಯ. ಜಪಾನಿನ ಕವಿಗಳು ಕವಿತೆಯಲ್ಲಿ ಬರಬೇಕಾದ ಋತುವಿನ ಮಾತುಗಳನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸಿ ಕೋಶಗಳನ್ನೇ ಮಾಡಿಕೊಂಡಿದ್ದಾರೆ. ನಾವು ಕೋಶ ಮಾಡದಿದ್ದರೂ ಚಿಂತೆಯಿಲ್ಲ, ಪ್ರವಾಸದ ತಾರೀಖನ್ನಾದರೂ ಋತುವನ್ನು ನೋಡಿ ಗೊತ್ತುಮಾಡಬಹುದು.

ಹೊರಡುವ ಮುನ್ನಿನ ಕಷ್ಟಗಳನ್ನು ವಿಸ್ತರಿಸುವುದಿಲ್ಲ. ಹಣದ ಕಷ್ಟ ದೊಡ್ಡದು. ಹೆಣ್ಣುಮಕ್ಕಳನ್ನು ಕಳಿಸುವುದಕ್ಕೆ ಮನೆಯವರ ಅನುಮಾನ ಅದಕ್ಕಿಂತ ದೊಡ್ಡದು. ಒಬ್ಬ ಹುಡುಗಿಯ ತಂದೆ ಖಂಡಿತ ಆಗದೆಂದ. ಒಳಗಿನಿಂದ ಅಜ್ಜಿ ಕೇಳಿದಳು: ‘ಗೋಕರ್ಣ ಅದ ಅಂತಿರೇನ್ರಿ ಮಾಸ್ತರ?’ ಇದೆ ಎಂದೆ. ‘ಹಂಗಾದ್ರ ಹೋಗಿ ಬರ್ಲಿ ಬಿಡು. ನನಗಂತೂ ಆಗ್ಲಿಲ್ಲ.’ ಸಾಹಿತ್ಯ ಸಾಧಿಸದ್ದನ್ನು ಮಹಾಬಲೇಶ್ವರ ಸಾಧಿಸಿದ.

ಯಲ್ಲಾಪುರದಾಚೆ ಅರಬೈಲು ಘಟ್ಟವನ್ನು ಇಳಿಯುವಾಗ ಬೆಳಗಾಯಿತು. ಅಷ್ಟು ಮರಗಳನ್ನು ಒಟ್ಟಿಗೆ ಕಂಡು ಹುಡುಗರು ಹಾಡುವುದನ್ನು ನಿಲ್ಲಿಸಿದರು. ಅಂಕೋಲೆಯಲ್ಲಿ ಮೊದಲು ಅವರ ಕಣ್ಣಿಗೆ ಬಿದ್ದದ್ದು ಕಡಲಲ್ಲ, ಕಲ್ಲು. ಮನೆಗಳ ಗೋಡೆಗೆ ಇಟ್ಟಿದ್ದ ಚಿರೆಕಲ್ಲನ್ನು ಮುಟ್ಟಿ ಒಬ್ಬ, ‘ಸರ್, ಇದು ನಮ್ಮ ಬೀದರ ಕೋಟಿ ಕಲ್ಲೇ ಅದ’ ಎಂದ. ನಿಜ, ಬೀದರದ ಕೆಂಪು ಜಂಬಿಟ್ಟಿಗೆಯೂ ಕರಾವಳಿಯ ಚಿರೆಕಲ್ಲೂ ಒಂದೇ ಜಾತಿಯವು. ನನ್ನ ಮನಸ್ಸಿಗೆ ಅದು ಹೊಳೆದಿರಲಿಲ್ಲ.

ದಂಡೆಗೆ ಬಂದಾಗ ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಬಹಳ ಹೊತ್ತು ಸಾಲಾಗಿ ನಿಂತಿದ್ದರು. ಆಮೇಲೆ ಅದೇ ಹುಡುಗಿ, ಹಾಲಿನ ನೊರೆಯನ್ನು ಕೇಳಿದ್ದವಳು, ಕಾಲಿನವರೆಗೆ ಬಂದ ತೆರೆ ಹಿಂದೆ ಸರಿಯುವಾಗ ಪಾದದಡಿಯ ಮರಳೂ ಸರಿದುಹೋಗಲು, ಗೆಳತಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಆಗ ವಚನದ ಮಾತೆತ್ತಲಿಲ್ಲ. ಮೇಷ್ಟರು ಬಾಯಿ ಮುಚ್ಚಬೇಕಾದ ಗಳಿಗೆಗಳೂ ಇರುತ್ತವೆ.

ಮರುದಿನ ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೆ ಹೋದೆವು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತ, ಬಿಸಿಲಿಗೆ ಬಿಟ್ಟು ಗಟ್ಟಿಯಾಗಿಸಿ, ಕಡೆಗೆ ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿಮಾಡುತ್ತಾರೆ. ನಾವು ಸನ್ಮಾನಪತ್ರಗಳಲ್ಲಿ ‘ವಿದ್ಯೆಯ ಆಗರ’, ‘ಪ್ರತಿಭೆಯ ಆಗರ’ ಎಂದು ಬರೆದು ಬರೆದು ಸವೆಸಿದ ಶಬ್ದವು ಅಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಕೆಲಸ ಮಾಡುತ್ತಿದ್ದವರ ಬರಿಗಾಲುಗಳನ್ನು ನೋಡಿದ ಮೇಲೆ ಆ ಮಾತನ್ನು ಯಾರ ಹೊಗಳಿಕೆಗೂ ಬಳಸಲು ನನಗೆ ಸಂಕೋಚವಾಗಿದೆ. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ಮಾಡಿದರೆಂಬುದು ನಮ್ಮ ಹುಡುಗರಿಗೆ ಇತಿಹಾಸದ ಒಂದು ಅಂಕದ ಪ್ರಶ್ನೆಯಾಗಿತ್ತು. ಅದು ಯಾವ ಉಪ್ಪು ಎಂಬುದು ಅಂದು ತಿಳಿಯಿತು.

ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳ ಬಳಿ ಒಬ್ಬ ವೃದ್ಧರು ಮಾತಿಗೆ ಸಿಕ್ಕಿದರು. ‘ಯಾವೂರಾಯ್ತು, ತಮಾ?’ ಎಂದರು. ಬಸವಕಲ್ಯಾಣವೆಂದಾಗ, ‘ಬಸವಣ್ಣನ ಊರು!’ ಎಂದು ಕೈಮುಗಿದರು. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ಸಂಗತಿ ಹೇಳಿದರು. ನಮ್ಮ ರೈತನ ಮಗನೊಬ್ಬ, ಮಳೆ ನಿಂತ ಮೇಲೆ ಬಿತ್ತಿ ಕರಿಮಣ್ಣಿನೊಳಗಿನ ತೇವದಿಂದಲೇ ಬೆಳೆಯುವ ಜೋಳದ ಸಂಗತಿ ಹೇಳಿದ. ನೀರೇ ಇಲ್ಲದೆ ಬೆಳೆಯೆ ಎಂದು ಅವರಿಗೆ ಆಶ್ಚರ್ಯ; ಉಪ್ಪುನೀರಿನಲ್ಲಿ ಅನ್ನವೇ ಎಂದು ಇವನಿಗೆ ಆಶ್ಚರ್ಯ. ಇಬ್ಬರ ಕನ್ನಡವೂ ಇಬ್ಬರಿಗೂ ಮುಕ್ಕಾಲು ಪಾಲು ಮಾತ್ರ ತಿಳಿಯುತ್ತಿತ್ತು. ಏಕೀಕರಣದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಇಷ್ಟು ಒಳ್ಳೆಯದು ಯಾವುದೂ ಇರಲಿಲ್ಲ.

ಕರಾವಳಿ ಬರೀ ನೋಟವಲ್ಲವೆಂಬುದನ್ನೂ ಹೇಳಬೇಕು. 2024ರ ಜುಲೈಯಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯಲ್ಲಿದ್ದ ಜನ ವಾಹನಗಳೆಲ್ಲ ಗಂಗಾವಳಿಯ ಪಾಲಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಜಾಗದ ಹತ್ತಿರ ಬಸ್ಸು ನಿಲ್ಲಿಸೋಣವೆಂದು ಯಾರೋ ಹೇಳಿದರು, ಚಿತ್ರ ತೆಗೆಯಲು. ನಾನು ಬೇಡವೆಂದೆ. ನೋತೋದಿಂದ ಬಂದ ಕಾಗದವನ್ನು ಓದುವಾಗ ಆ ದಿನ ಮತ್ತೆ ನೆನಪಾಯಿತು.

‘ಕನ್ನಡದಲ್ಲಿ ಕಡಲಿನ ಸಾಹಿತ್ಯ ಸಾಕಷ್ಟಿದೆ, ಓದಿದರೆ ಸಾಲದೆ?’ ಎಂದು ನನ್ನ ಸಹೋದ್ಯೋಗಿಯೊಬ್ಬರ ವಾದ. ಕಾರಂತರ ‘ಮರಳಿ ಮಣ್ಣಿಗೆ’ ಇದೆ, ಗೋಕಾಕರ ‘ಸಮುದ್ರ ಗೀತೆಗಳು’ ಇವೆ, ನಿಜ. ಓದಬೇಕು, ಯಾರು ಬೇಡವೆಂದರು? ಆದರೆ ರವೀಂದ್ರನಾಥರು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದು, ಆ ದಂಡೆಯಲ್ಲಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಜಪಾನಿಗೆ ಅವರು ಹೋದದ್ದು 1916ರಲ್ಲಿ. ಬಂಗಾಳದ ತರುಣನಿಗೆ ಒದಗಿದ ಕಾರವಾರ, ಕಲ್ಯಾಣದ ತರುಣನಿಗೆ ಏಕೆ ಒದಗಬಾರದು?

ಇನ್ನೊಂದು ಮಾತು. ದಾರಿಗೆ ಎರಡು ಕಡೆಯುಂಟು. ನಮ್ಮ ಬಸವಕಲ್ಯಾಣಕ್ಕೂ ಈಗ ಬಸ್ಸುಗಳು ಬರುತ್ತವೆ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು, ಮುಂದೆ ಇನ್ನೂ ಹೆಚ್ಚು ಬಂದಾವು. ಬಂದವರು ಕೋಟೆಯನ್ನು ಒಂದು ಸುತ್ತು ಹಾಕಿ, ಚಿತ್ರ ತೆಗೆದುಕೊಂಡು, ಊಟಕ್ಕೆ ಮುಂದಿನ ಊರಿಗೆ ಹೋಗುತ್ತಾರೆ. ನಾರಾಯಣಪುರದ ಚಾಲುಕ್ಯ ದೇವಾಲಯವನ್ನು ಕೇಳುವವರು ಕಡಿಮೆ. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ, ಹಲವು ಭಾಷೆಗಳಲ್ಲಿ ಪದ ಕಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಒಂದು ಸಂಜೆ ಕೂತು ಹಾಡು ಕೇಳುವವರು ಇನ್ನೂ ಕಡಿಮೆ. ಜಲಸಂಗಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿದ್ದಾಳೆ. ಏಳು ದ್ವೀಪಗಳ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನದು ಎಂಬ ಅರ್ಥದ ಶ್ಲೋಕ ಅದು. ನೂರಾರು ಮೈಲಿ ನೀರಿನ ಸುಳಿವಿಲ್ಲದ ಹೊಲಗಳ ನಡುವೆ ಅವಳಿಗೆ ದ್ವೀಪಗಳ ಚಿಂತೆ! ಅಂಕೋಲೆ ಕುಮಟೆಗಳ ಕಾಲೇಜಿನ ಮಕ್ಕಳು ಇದೇ ಮಾಘದಲ್ಲಿ, ಸೀತನಿಯ ಕಾಲಕ್ಕೆ, ಇಲ್ಲಿಗೆ ಬಂದು ಮೂರು ದಿನ ನಮ್ಮ ಮನೆಗಳಲ್ಲಿ ಇರಲಿ. ನಮ್ಮವರು ಅವರ ಮನೆಗಳಲ್ಲಿ ಇರಲಿ. ಲಾಡ್ಜಿನ ಖರ್ಚು ಉಳಿಯುತ್ತದೆ; ಮೀನಿನ ವಾಸನೆ, ಜೋಳದ ರೊಟ್ಟಿಯ ಗಟ್ಟಿತನ, ಎರಡರ ಪರಿಚಯವೂ ಆಗುತ್ತದೆ. ಸರಕಾರ, ವಿಶ್ವವಿದ್ಯಾಲಯ, ಪರಿಷತ್ತು ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಸಂತೋಷ. ಇಲ್ಲದಿದ್ದರೆ ಇಬ್ಬರು ಕನ್ನಡ ಮೇಷ್ಟರು ಪರಸ್ಪರ ಕಾಗದ ಬರೆದುಕೊಂಡರೂ ಸಾಕು.

ಮುಂಬಯಿಯ ಹುಡುಗನ ಮಾತು ಉಳಿಯಿತು. ಅವನು ನಮ್ಮೊಡನೆ ಬಂದಿರಲಿಲ್ಲ. ಸುಗ್ಗಿಯ ಕೂಲಿ ಬಿಟ್ಟು ಬರಲಾಗದೆಂದು ಕಡೆಯ ದಿನ ಹಣ ವಾಪಸು ಇಸಿದುಕೊಂಡಿದ್ದ. ಹಿಂದಿರುಗಿದ ಮೇಲೆ ಆ ಹುಡುಗಿ ಸಾಣಿಕಟ್ಟೆಯ ಉಪ್ಪಿನ ಹರಳನ್ನು ತರಗತಿಯಲ್ಲಿ ಎಲ್ಲರಿಗೂ ಹಂಚುವಾಗ ಅವನೂ ಕೈಯೊಡ್ಡಿದ. ಬಾಯಿಗೆ ಹಾಕಿಕೊಳ್ಳದೆ ಕಿಸೆಯಲ್ಲಿ ಇಟ್ಟುಕೊಂಡ. ಈ ವರ್ಷದ ಪಟ್ಟಿಯಲ್ಲಿ ಅವನ ಹೆಸರನ್ನು ನಾನೇ ಮೊದಲು ಬರೆದಿದ್ದೇನೆ. ಅವನ ಕೂಲಿಯ ಲೆಕ್ಕವನ್ನು ನಾವು ನಾಲ್ವರು ಅಧ್ಯಾಪಕರು ನೋಡಿಕೊಳ್ಳುವುದೆಂದಾಗಿದೆ.

ಜಪಾನಿನ ಶಿಷ್ಯನಿಗೂ ಉತ್ತರ ಬರೆದೆ. ಬರುವ ಮಾಘದಲ್ಲಿ ರಜೆ ಹಾಕಿ ಬರುತ್ತೇನೆ, ಬಸ್ಸಿನಲ್ಲಿ ಜಾಗವುಂಟೇ ಎಂದು ಕೇಳಿದ್ದಾನೆ. ಹಿಂದಿನ ಸೀಟು ಖಾಲಿ ಇದೆ, ಅದು ಅವನಿಗೆ ರೂಢಿಯೇ ಆದದ್ದು ಎಂದು ತಿಳಿಸಿದ್ದೇನೆ.