ಮಂಟಪಕ್ಕೆ ಬ್ಯಾಟರಿ, ಮೋರಿಗೆ ಹೊಗೆ!

ಕಾರ್ಮಿಕ ಬಂಧುಗಳೇ,

ಸಮಾರಂಭಗಳಿಗೆ ಈಗ ಬಾಡಿಗೆ ಬ್ಯಾಟರಿ ಸಿಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಒಳ್ಳೆಯದೇ. ಆದರೆ ಕಳೆದ ತಿಂಗಳು ಒಂದು ಮದುವೆಗೆ ಬಡಿಸಲು ಹೋದ ನಮ್ಮವರು ಕಂಡದ್ದೇನು? ಮಂಟಪಕ್ಕೆ ಬ್ಯಾಟರಿ, ಹಿಂಬದಿಗೆ ಡೀಸೆಲ್ ಜನರೇಟರು. ಅದರ ಹೊಗೆ ಪಾತ್ರೆ ತೊಳೆಯುವ ಹುಡುಗರ ಮೋರೆಗೇ ನೇರ! ಅತಿಥಿಗಳದು ಮೂಗು, ನಮ್ಮದು ಚಿಮಣಿಯೇ?

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಜನರೇಟರು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ಕೊಲ್ಲುತ್ತದೆ.

"ಹಿಂಬದಿಗೆ ಬ್ಯಾಟರಿ ಸಾಲದು" ಎನ್ನುತ್ತಾರೆ ಧಣಿಗಳು. ಲೆಕ್ಕ ಹಾಕೋಣ. 20 ವಾಟಿನ 10 ದೀಪ, 100 ವಾಟಿನ 4 ಫ್ಯಾನು. ಒಟ್ಟು 600 ವಾಟ್. 6 ಗಂಟೆಗೆ 3.6 ಯೂನಿಟ್. ನಷ್ಟಕ್ಕೆ ಬಿಟ್ಟರೂ 5 ಯೂನಿಟ್ಟಿನ ಬ್ಯಾಟರಿ ಧಾರಾಳ ಸಾಕು. ಭಾರಿ ಯಂತ್ರಗಳಿಗೆ ಅದು ಸಾಲದು, ನಿಜ. ಹಾಗಾದರೆ ಜನರೇಟರನ್ನು ದೂರದ ಬಯಲಿನಲ್ಲಿಟ್ಟು ತಂತಿ ಎಳೆಯಿರಿ. ತಂತಿಗೂ ದುಡ್ಡಿಲ್ಲವೇ?

ಇನ್ನು ನಮ್ಮ ಮನೆಯ ಮಾತು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲೂ ಜನರೇಟರು ಅಡಿಗೆಯವರ ಬಾಗಿಲಲ್ಲೇ ಇತ್ತು. ವೇದಿಕೆಯ ಮೇಲೆ ಕಾರ್ಮಿಕರ ಹಕ್ಕಿನ ಭಾಷಣ ಬಿಗಿದವನು ನಾನೇ! ಹಿಂಬದಿಗೆ ಹೋಗಿ ನೋಡಲಿಲ್ಲ. ನಾಚಿಕೆಯಾಗುತ್ತದೆ.

ಆದುದರಿಂದ ಮೊದಲು ನಮ್ಮ ಅಂಗಳ ಗುಡಿಸೋಣ. ಮುಂದಿನ ಉತ್ಸವದಲ್ಲಿ ಮೊದಲ ಬ್ಯಾಟರಿ ಮೋರಿಗೆ, ಉಳಿದರೆ ವೇದಿಕೆಗೆ. ಆಮೇಲೆ ಧಣಿಗಳನ್ನು ಕೇಳೋಣ, ತಲೆಯೆತ್ತಿ ಕೇಳೋಣ!